ಆಲೋಚನೆಗೊಂದು ಚಕ್ಕುಬಂದಿ

ಮನೆಯ ಕ್ರಯಪತ್ರವನ್ನು ಬೀರುವಿನಿಂದ ಹೊರತೆಗೆದು ಓದಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಅದರ ಮೊದಲ ಪುಟಗಳಲ್ಲಿ ಎಷ್ಟೇ ಉಪಚಾರದ ಮಾತುಗಳಿರಲಿ, ಪತ್ರದ ಜೀವವಿರುವುದು ಕೊನೆಯ ಪುಟದ ಷೆಡ್ಯೂಲಿನಲ್ಲಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ನಿವೇಶನ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ಮನೆ ಎಂದು ನಾಲ್ಕು ಸಾಲುಗಳಲ್ಲಿ ಬರೆದ ಚಕ್ಕುಬಂದಿಯಲ್ಲಿ ಒಂದು ಪದ ಜಾರಿದರೆ ಗೋಡೆಯೇ ಜಾರಿದಂತೆ. ನಮ್ಮ ಹಳೆಯ ದಾನಶಾಸನಗಳ ರೀತಿಯೂ ಇದೇ. ಅರಸನ ಬಿರುದಾವಳಿ ಎಷ್ಟು ಉದ್ದವಿದ್ದರೇನು, ದಾನ ಪಡೆದವನ ಕಣ್ಣು ನೆಟ್ಟಿದ್ದುದು ಮೂಡಣ, ತೆಂಕಣ, ಪಡುವಣ, ಬಡಗಣ ಎಲ್ಲೆಗಳನ್ನು ಹೇಳುವ ಸಾಲುಗಳ ಮೇಲೆಯೇ.

ನೆಲಕ್ಕೆ ಎಲ್ಲೆ ಹಾಕುವುದು ಸುಲಭ. ಕಲ್ಲು ನೆಟ್ಟರಾಯಿತು, ಗೋಪುರ ಕಟ್ಟಿದರಾಯಿತು. ಹಲಸೂರು ಕೆರೆಯ ಬಳಿ ಕೆಂಪೇಗೌಡರ ಹೆಸರಿನ ಗಡಿಗೋಪುರವೊಂದು ಇಂದಿಗೂ ನಿಂತಿದೆ. ಊರು ಬೆಳೆಯುವುದು ಇಲ್ಲಿಯವರೆಗೆ ಎಂದು ತೋರಿಸಲು ಕಟ್ಟಿದ್ದೆಂದು ಪ್ರತೀತಿ. ಊರು ಆ ಮಾತನ್ನು ಕೇಳಲಿಲ್ಲ. ಗೋಪುರವನ್ನು ದಾಟಿ, ಹಳೆಯ ಮದರಾಸು ರಸ್ತೆಯನ್ನು ಹಿಡಿದು, ಇಂದಿರಾನಗರವನ್ನೂ ಬೈಯಪ್ಪನಹಳ್ಳಿಯನ್ನೂ ನುಂಗಿ ಕೃಷ್ಣರಾಜಪುರದಾಚೆಗೂ ಹೋಯಿತು. ಹೀಗೆ ಎಲ್ಲೆ ಮೀರಿದ ಈ ನೆಲದಲ್ಲಿಯೇ ಈಗ ಮತ್ತೊಂದು ಬಗೆಯ ಎಲ್ಲೆಗಳು ಏಳುತ್ತಿವೆ. ಅವು ಮಣ್ಣಿಗೆ ಹಾಕುವ ಎಲ್ಲೆಗಳಲ್ಲ, ಆಲೋಚನೆಗೆ ಹಾಕುವವು. ಅವುಗಳನ್ನು ಹಾಕುವವರು ಪೇಟೆಂಟ್ ವಕೀಲರು. ಅದರಲ್ಲಿಯೂ ಕಂಪ್ಯೂಟರಿಗೆ ಸಂಬಂಧಿಸಿದ ಆವಿಷ್ಕಾರಗಳನ್ನೇ ವೃತ್ತಿಯಾಗಿ ಹಿಡಿದವರು.

‘ಪೇಟೆಂಟ್’ ಎಂದೊಡನೆ ಏನೋ ಗುಟ್ಟಿನ ವ್ಯವಹಾರವೆಂದು ನಮ್ಮಲ್ಲಿ ಅನೇಕರ ಭಾವನೆ. ನಿಜ ಅದಕ್ಕೆ ವಿರುದ್ಧವಾದುದು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಬೇರಿನ ಅರ್ಥ ‘ತೆರೆದಿರುವುದು’ ಎಂದು. ಆವಿಷ್ಕಾರ ಮಾಡಿದವನು ತನ್ನ ಗುಟ್ಟನ್ನು ಲೋಕದ ಮುಂದೆ ತೆರೆದಿಡಬೇಕು, ಅದೂ ಆ ವಿದ್ಯೆ ಬಲ್ಲ ಮತ್ತೊಬ್ಬನು ಓದಿ ತಾನೂ ಮಾಡಬಲ್ಲಷ್ಟು ವಿವರವಾಗಿ. ಅದಕ್ಕೆ ಪ್ರತಿಯಾಗಿ ಸರ್ಕಾರವು, ಅರ್ಜಿ ಹಾಕಿದ ದಿನದಿಂದ 20 ವರ್ಷಗಳ ಕಾಲ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕನ್ನು ಅವನಿಗೆ ಕೊಡುತ್ತದೆ. ಆಮೇಲೆ ಅದು ಎಲ್ಲರ ಸೊತ್ತು. ಗುಟ್ಟು ಮಾಡಿ ಗೋರಿಗೆ ಒಯ್ಯಬೇಡ, ಹೇಳಿ ಹೋಗು, ಅಷ್ಟು ದಿನ ನೀನೇ ಅನುಭವಿಸು ಎಂಬ ಒಪ್ಪಂದವಿದು. ನಮ್ಮ ಎಷ್ಟೋ ಕಸುಬುಗಳ ಮರ್ಮ ಮನೆತನದೊಡನೆಯೇ ಮಣ್ಣಾದುದನ್ನು ನೆನೆದರೆ ಈ ಒಪ್ಪಂದದ ವಿವೇಕ ತಿಳಿದೀತು.

ಈ ಒಪ್ಪಂದದ ಪತ್ರವನ್ನು ಬರೆಯುವವರನ್ನು ಅಮೆರಿಕದಲ್ಲಿ ‘ಪೇಟೆಂಟ್ ಅಟಾರ್ನಿ’ ಎನ್ನುವರು. ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ ಅವರ ಹೆಸರು ‘ಪೇಟೆಂಟ್ ಏಜೆಂಟ್’. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆದು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೆಸರು ನೋಂದಾಯಿಸಿಕೊಂಡವರು ಈ ಕೆಲಸ ಮಾಡಬಹುದು. ಕಾನೂನು ಪದವಿ ಬೇಕೆಂದಿಲ್ಲ. ಇದ್ದರೆ ನ್ಯಾಯಾಲಯಕ್ಕೂ ಹೋಗಬಹುದು. ಪೇಟೆಂಟ್ ಕಚೇರಿಗಳಿರುವುದು ಕೋಲ್ಕತ, ದೆಹಲಿ, ಮುಂಬಯಿ ಮತ್ತು ಚೆನ್ನೈಗಳಲ್ಲಿ. ಕರ್ನಾಟಕಕ್ಕೆ ಸಂಬಂಧಿಸಿದುದು ಚೆನ್ನೈ ಕಚೇರಿ. ಇಷ್ಟೊಂದು ಎಂಜಿನಿಯರುಗಳಿರುವ ಬೆಂಗಳೂರಿನ ಕಡತಗಳು ಹಳೆಯ ಮದರಾಸಿಗೇ ಹೋಗಬೇಕು.

ದಂಡುಪ್ರದೇಶಕ್ಕೂ ಈ ವೃತ್ತಿಗೂ ನಂಟು ಬಿದ್ದ ಬಗೆಯನ್ನು ಹೇಳಬೇಕಾದರೆ 1985ನೆಯ ಇಸವಿಗೆ ಹೋಗಬೇಕು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಕಂಪನಿಯು ಆ ವರ್ಷ ಬೆಂಗಳೂರಿನಲ್ಲಿ ತನ್ನ ಸಂಶೋಧನ ಕೇಂದ್ರವನ್ನು ತೆರೆಯಿತು. ಜಾಗ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್. ಟೆಲಿಫೋನು ಸಂಪರ್ಕಕ್ಕೇ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, ಇಲ್ಲಿ ರಚಿಸಿದ ವಿನ್ಯಾಸಗಳು ಉಪಗ್ರಹದ ಮೂಲಕ ವಿದೇಶಕ್ಕೆ ಹೋಗತೊಡಗಿದವು. ವಿದೇಶೀ ಕಂಪನಿಗಳು ಇಲ್ಲಿ ಕೇವಲ ಲೆಕ್ಕ ಬರೆಯಿಸಿಕೊಳ್ಳುವುದಲ್ಲ, ಹೊಸದನ್ನು ಹುಡುಕಿಸಲೂಬಹುದು ಎಂಬುದಕ್ಕೆ ಅದು ನಾಂದಿಯಾಯಿತು. ಆ ಕಂಪನಿ ಈಗ ಇರುವುದು ಸಿ.ವಿ. ರಾಮನ್ ನಗರದಲ್ಲಿ. ಅಲ್ಲಿಂದ ಮೂಡಲಿಗೆ ಸ್ವಲ್ಪ ದೂರ ಹೋದರೆ 1948ರಲ್ಲಿ ಸ್ಥಾಪನೆಯಾದ ಭಾರತೀಯ ದೂರವಾಣಿ ಕಾರ್ಖಾನೆಯ ದೂರವಾಣಿನಗರ. ತಂದೆ ಟೆಲಿಫೋನಿನ ಬಿಡಿಭಾಗಗಳನ್ನು ಜೋಡಿಸಿದ ಸೀಮೆಯಲ್ಲಿಯೇ ಮಗಳು ಮೊಬೈಲಿನ ಚಿಪ್ಪನ್ನು ವಿನ್ಯಾಸಗೊಳಿಸುವ ಸಂಸಾರಗಳು ಈ ಕಡೆ ಅಪರೂಪವಲ್ಲ.

ಆ ಕಂಪನಿಯ ಹಳೆಯ ವ್ಯಾಜ್ಯವೊಂದಿದೆ. ಪೇಟೆಂಟ್ ವಕೀಲರ ಕೆಲಸವೇನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. 1958ರಲ್ಲಿ ಅಲ್ಲಿನ ಎಂಜಿನಿಯರ್ ಜ್ಯಾಕ್ ಕಿಲ್ಬಿ ಎಂಬವರು ಒಂದು ವಿದ್ಯುನ್ಮಂಡಲದ ಎಲ್ಲ ಭಾಗಗಳನ್ನೂ ಒಂದೇ ತುಣುಕಿನಲ್ಲಿ ರಚಿಸಬಹುದೆಂದು ತೋರಿಸಿಕೊಟ್ಟರು. ಇಂದಿನ ಚಿಪ್ಪುಗಳ ಮೂಲ ಅದೇ. 1959ರ ಫೆಬ್ರವರಿಯಲ್ಲಿ ಅರ್ಜಿ ಹೋಯಿತು. ಕೆಲವೇ ತಿಂಗಳ ಬಳಿಕ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್ ಎಂಬವರೂ ತಮ್ಮ ಅರ್ಜಿಯನ್ನು ಹಾಕಿದರು. ಇಬ್ಬರೂ ಸ್ವತಂತ್ರವಾಗಿ ಯೋಚಿಸಿದವರು; ಇಬ್ಬರೂ ಸಜ್ಜನರು. ಆದರೆ ಕಂಪನಿಗಳು ಬಿಡಬೇಕಲ್ಲ!

ಕಿಲ್ಬಿಯವರ ಚಿತ್ರದಲ್ಲಿ ಭಾಗದಿಂದ ಭಾಗಕ್ಕೆ ಸಣ್ಣ ಚಿನ್ನದ ತಂತಿಗಳು ಕಮಾನಿನಂತೆ ಹಾರಿ ಕೂತಿದ್ದವು. ನಾಯ್ಸ್ ಅವರ ಚಿತ್ರದಲ್ಲಿ ಲೋಹದ ಗೆರೆಗಳು ಮೇಲ್ಮೈಗೆ ಅಂಟಿಕೊಂಡೇ ಇದ್ದವು. ಲಕ್ಷಗಟ್ಟಲೆ ಚಿಪ್ಪುಗಳನ್ನು ಅಚ್ಚುಹಾಕುವುದಕ್ಕೆ ಯೋಗ್ಯವಾದುದು ಈ ಎರಡನೆಯ ರೀತಿ. ಆದರೆ ಕಿಲ್ಬಿಯವರ ಅರ್ಜಿಯ ಬರಹದಲ್ಲಿ ಒಂದು ವಾಕ್ಯವಿತ್ತು: ತಂತಿಯ ಬದಲು ಚಿನ್ನವನ್ನು ಮೇಲ್ಮೈಯ ಮೇಲೆ ‘ಲೇಡ್ ಡೌನ್’ ಮಾಡಬಹುದು ಎಂದು. ವ್ಯಾಜ್ಯವೆಲ್ಲ ಈ ಎರಡು ಪದಗಳ ಸುತ್ತ ಸುತ್ತಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರಶ್ನೆ ಇಷ್ಟೆ: ‘ಹಾಸಿದ್ದು’ ಎಂದರೆ ‘ಅಂಟಿದ್ದು’ ಎಂದಾಗುವುದೆ? ಚಾಪೆಯನ್ನು ನೆಲದ ಮೇಲೆ ಹಾಸುತ್ತೇವೆ, ಅದು ನೆಲಕ್ಕೆ ಅಂಟುವುದಿಲ್ಲ. ಸುಣ್ಣವನ್ನು ಗೋಡೆಗೆ ಬಳಿಯುತ್ತೇವೆ, ಅದು ಅಂಟುತ್ತದೆ. ಕಿಲ್ಬಿಯವರ ಪಕ್ಷ ಸುಣ್ಣದ ಅರ್ಥವನ್ನು ಹೇಳಿತು. ನಾಯ್ಸ್ ಅವರ ಪಕ್ಷ ಚಾಪೆಯ ಅರ್ಥವನ್ನು ಎತ್ತಿಹಿಡಿಯಿತು. 1967ರಲ್ಲಿ ಪೇಟೆಂಟ್ ಕಚೇರಿಯ ಮಂಡಳಿಯು ಕಿಲ್ಬಿಯವರ ಪರವಾಗಿ ತೀರ್ಪು ಕೊಟ್ಟಿತು. 1969ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಿರುಗಿಸಿ, ಆ ಪದಗಳಿಗೆ ‘ಅಂಟಿದ್ದು’ ಎಂಬ ಅರ್ಥ ಬಂದೇ ಬರುತ್ತದೆಂದು ಸಿದ್ಧವಾಗಿಲ್ಲವೆಂದಿತು. 1970ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಷ್ಟರಲ್ಲಿ ಕಂಪನಿಗಳು ತಮ್ಮೊಳಗೆ ರಾಜಿಯಾಗಿ ಪರಸ್ಪರ ಅನುಮತಿ ಕೊಟ್ಟುಕೊಂಡಿದ್ದವೆಂಬುದು ಬೇರೆ ಮಾತು. ಕಿಲ್ಬಿಯವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಾಯ್ಸ್ 1990ರಲ್ಲಿಯೇ ತೀರಿಕೊಂಡಿದ್ದರು.

ನಿಘಂಟು ತಿರುವುವುದು ಕೆಲಸವಿಲ್ಲದವರ ಕೆಲಸವೆಂದು ಭಾಷೆಯ ಅಧ್ಯಾಪಕರನ್ನು ಹಾಸ್ಯಮಾಡುವವರಿದ್ದಾರೆ. ಒಂದು ಕ್ರಿಯಾಪದದ ಅರ್ಥಕ್ಕಾಗಿ ಎರಡು ದೊಡ್ಡ ಕಂಪನಿಗಳು ವರ್ಷಾನುಗಟ್ಟಲೆ ಹೊಡೆದಾಡಿದ ಈ ಕಥೆಯನ್ನು ಅವರು ಒಮ್ಮೆ ಕೇಳಬೇಕು.

ಇನ್ನು ಈ ವೃತ್ತಿಯ ದಿನನಿತ್ಯದ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಕೃಷ್ಣರಾಜಪುರದಲ್ಲಿ ಮೆಟ್ರೋ ಹತ್ತಿದ ಎಂಜಿನಿಯರೊಬ್ಬಳು ಹಲಸೂರು, ಟ್ರಿನಿಟಿ, ಮಹಾತ್ಮಾ ಗಾಂಧಿ ರಸ್ತೆಗಳನ್ನು ದಾಟಿ, ರೈಲು ಕಬ್ಬನ್ ಪಾರ್ಕಿನ ಸುರಂಗಕ್ಕೆ ಇಳಿದಾಗ ಮೊಬೈಲಿನ ಸಂಕೇತ ಕ್ಷೀಣಿಸುವುದನ್ನು ದಿನವೂ ಕಂಡಳೆನ್ನಿ. ಸಂಕೇತವನ್ನು ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಸವೆಯುತ್ತದೆ. ಇಲ್ಲಿ ಸಂಕೇತ ಸಿಗದೆಂದು ಫೋನು ತಾನೇ ಕಲಿತುಕೊಂಡು ಹುಡುಕಾಟವನ್ನು ಕಡಮೆ ಮಾಡುವಂತೆ ಅವಳು ಒಂದು ಪ್ರೋಗ್ರಾಂ ಬರೆದಳು. (ಉದಾಹರಣೆಗಾಗಿ ಕಟ್ಟಿದ್ದು, ವಾಚಕರು ಇದನ್ನೇ ಹೊಸದೆಂದು ಚೆನ್ನೈಗೆ ಕಳುಹಿಸಬಾರದು!) ಅವಳು ಬರೆದುಕೊಂಡು ಬಂದ ವಾಕ್ಯ ಇಷ್ಟು: “ರೈಲು ಸುರಂಗವನ್ನು ಹೊಕ್ಕಾಗ ಫೋನು ಸಂಕೇತವನ್ನು ಹುಡುಕುವುದನ್ನು ನಿಲ್ಲಿಸುತ್ತದೆ.”

ವಕೀಲರು ಕೇಳುವ ಪ್ರಶ್ನೆಗಳು ಇಲ್ಲಿಂದ ಆರಂಭ. ರೈಲೇ ಏಕೆ? ಲಿಫ್ಟಿನಲ್ಲಿ ಹೋಗುವವರಿಗೆ ಇದು ಬೇಡವೆ? ಸುರಂಗವೇ ಏಕೆ, ನೆಲಮಾಳಿಗೆಯಾದರೆ? ಫೋನೇ ಏಕೆ, ಕೈಗಡಿಯಾರವಾದರೆ? ‘ನಿಲ್ಲಿಸುತ್ತದೆ’ ಎಂದು ಬರೆದರೆ, ನಾಳೆ ಪೂರ್ಣವಾಗಿ ನಿಲ್ಲಿಸದೆ ನಿಧಾನಗೊಳಿಸುವ ಪ್ರತಿಸ್ಪರ್ಧಿಯು ಬೇಲಿಯ ಪಕ್ಕದಿಂದ ನುಸುಳಿ ಹೋಗುವುದಿಲ್ಲವೆ? ಹೀಗೆ ಒಂದೊಂದು ಪದವನ್ನೂ ಅಲುಗಾಡಿಸಿ, ಎಲ್ಲೆಯನ್ನು ಸಾಧ್ಯವಾದಷ್ಟು ಹೊರಕ್ಕೆ ಸರಿಸುವರು. ಆಮೇಲೆ ಹಿಂದಿನವರು ಏನೇನು ಮಾಡಿದ್ದಾರೆಂದು ಲೋಕದ ಕಡತಗಳನ್ನೆಲ್ಲ ಹುಡುಕಿ, ಬೇರೆಯವರ ನೆಲವನ್ನು ತುಳಿದಿರುವಲ್ಲಿ ಎಲ್ಲೆಯನ್ನು ಒಳಕ್ಕೆ ಎಳೆದುಕೊಳ್ಳುವರು. ಕೊನೆಗೆ ‘ಕ್ಲೇಮ್’ ಎಂದು ಕರೆಯುವ ಹಕ್ಕಿನ ವಾಕ್ಯವೊಂದು ಸಿದ್ಧವಾಗುತ್ತದೆ. ಅದು ಒಂದೇ ವಾಕ್ಯವಾಗಿರಬೇಕೆಂಬುದು ಸಂಪ್ರದಾಯ. ಅರ್ಧ ಪುಟವಾದರೂ ಪೂರ್ಣವಿರಾಮ ಒಂದೇ. ಇದೇ ಆಲೋಚನೆಯ ಚಕ್ಕುಬಂದಿ. ತೀರ ಅಗಲವಾದರೆ ಕಚೇರಿ ತಳ್ಳಿಹಾಕುತ್ತದೆ. ತೀರ ಕಿರಿದಾದರೆ ಕೈಗೆ ಬಂದ ಹಕ್ಕು ಯಾವ ಉಪಯೋಗಕ್ಕೂ ಬರುವುದಿಲ್ಲ.

ಕಂಪ್ಯೂಟರಿನ ವಿಷಯದಲ್ಲಿ ಮತ್ತೊಂದು ತೊಡಕಿದೆ. 2002ರ ತಿದ್ದುಪಡಿಯಿಂದ ನಮ್ಮ ಕಾಯಿದೆಯ ಮೂರನೆಯ ಪ್ರಕರಣದಲ್ಲಿ ಒಂದು ನಿಷೇಧ ಸೇರಿತು: ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಂ ಮತ್ತು ಕಂಪ್ಯೂಟರ್ ಪ್ರೋಗ್ರಾಂ ‘ಪರ್ ಸೇ’, ಇವು ಆವಿಷ್ಕಾರಗಳಲ್ಲ ಎಂದು. ಮತ್ತೆ ಎರಡೇ ಪುಟ್ಟ ಪದಗಳು! ‘ತನ್ನಷ್ಟಕ್ಕೆ ತಾನು’ ಎಂದು ಅವುಗಳ ಅರ್ಥ. ಪ್ರೋಗ್ರಾಂ ತನ್ನಷ್ಟಕ್ಕೆ ತಾನು ಆವಿಷ್ಕಾರವಲ್ಲವೆಂದರೆ, ಬೇರೇನೋ ಜೊತೆಗೂಡಿದಾಗ ಆಗಬಹುದೆಂದಾಯಿತು. ಆ ಬೇರೇನು ಎಂಬುದೇ ವಾದದ ವಿಷಯ. 2004ರ ಕೊನೆಯಲ್ಲಿ ಹೊರಟ ಸುಗ್ರೀವಾಜ್ಞೆಯು ಈ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯಹೊರಟಿತು. 2005ರಲ್ಲಿ ಸಂಸತ್ತು ಅದನ್ನು ಒಪ್ಪದೆ ಹಳೆಯ ಮಾತುಗಳನ್ನೇ ಉಳಿಸಿತು.

ಫರೀದ್ ಅಲ್ಲಾನಿ ಎಂಬವರು ಅಂತರ್ಜಾಲದಲ್ಲಿ ಮಾಹಿತಿಯನ್ನು ಸುಲಭವಾಗಿ ತಲಪುವ ವಿಧಾನವೊಂದಕ್ಕೆ 2002ರಲ್ಲಿ ಭಾರತದಲ್ಲಿ ಅರ್ಜಿ ಹಾಕಿದ್ದರು. ಅದು ಕಚೇರಿಯಲ್ಲಿ ತಿರಸ್ಕೃತವಾಗಿ, ಸುತ್ತಾಡಿ, 2019ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಮುಂದೆ ನಿರ್ಣಯಕ್ಕೆ ಬಂದಿತು. ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು, ‘ಪರ್ ಸೇ’ ಎಂಬ ಪದಗಳನ್ನು ಇಟ್ಟಿರುವುದೇ ಕಂಪ್ಯೂಟರನ್ನು ಆಶ್ರಯಿಸಿದ ನಿಜವಾದ ಆವಿಷ್ಕಾರಗಳಿಗೆ ಅನ್ಯಾಯವಾಗಬಾರದೆಂದು. ತಾಂತ್ರಿಕವಾದ ಪರಿಣಾಮ ಅಥವಾ ಕೊಡುಗೆ ಇದೆಯೇ ಎಂದು ನೋಡಿ ಮತ್ತೆ ಪರಿಶೀಲಿಸಿರಿ ಎಂದು ಆದೇಶ ಮಾಡಿದರು. ಪೇಟೆಂಟ್ ದೊರಕುವ ಹೊತ್ತಿಗೆ 2020 ಬಂದಿತ್ತು. ಅವಧಿಯ ಎಣಿಕೆ ಅರ್ಜಿಯ ದಿನದಿಂದಲೇ ನಡೆಯುವುದರಿಂದ ಕೈಗೆ ಸಿಕ್ಕಿದುದು ಹೆಚ್ಚಿನಂಶ ಸವೆದುಹೋದ ಹಕ್ಕು. ನಮ್ಮ ಮೆಟ್ರೋ ಉದಾಹರಣೆಯಲ್ಲಿಯೂ ವಕೀಲರು ‘ಪ್ರೋಗ್ರಾಂ’ ಎಂದು ಕೂಗಿ ಹೇಳುವುದಿಲ್ಲ. ಬ್ಯಾಟರಿಯ ಶಕ್ತಿ ಉಳಿಯಿತೆಂಬ ಭೌತಿಕ ಫಲವನ್ನು ಮುಂದಿಡುವರು. ಇದು ಮರೆಮಾಚುವುದಲ್ಲ. ಲೆಕ್ಕಾಚಾರಕ್ಕೂ ಅದರಿಂದ ಲೋಕದಲ್ಲಿ ಆಗುವ ಕೆಲಸಕ್ಕೂ ನಡುವೆ ಇರುವ ಗೆರೆಯನ್ನು ಗುರುತಿಸುವುದು.

ಹಾಗಾದರೆ ಪ್ರೋಗ್ರಾಮಿಗೆ ರಕ್ಷಣೆಯೇ ಇಲ್ಲವೆ? ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ವ್ಯಾಖ್ಯೆಯಂತೆ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರುತ್ತದೆ! ಕಾದಂಬರಿ, ಭಾವಗೀತೆಗಳ ಪಂಕ್ತಿಯಲ್ಲಿಯೇ ಅದಕ್ಕೂ ಎಲೆ ಹಾಕಿದ್ದಾರೆ. ಆದರೆ ಆ ರಕ್ಷಣೆ ಬರೆದ ಸಾಲುಗಳಿಗೆ ಮಾತ್ರ, ಒಳಗಿನ ಆಲೋಚನೆಗಲ್ಲ. ಅದೇ ಆಲೋಚನೆಯನ್ನು ಮತ್ತೊಬ್ಬನು ತನ್ನ ಮಾತಿನಲ್ಲಿ ಬರೆದರೆ ತಡೆಯಲಾಗದು.

ತಡೆಯಬಾರದು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿಯೂ ಹುರುಳುಂಟು. ಲೆಕ್ಕದ ಒಂದು ದಾರಿಗೆ ಬೇಲಿ ಹಾಕಿದರೆ ಅದೇ ದಾರಿಯಲ್ಲಿ ತಾನಾಗಿ ನಡೆದುಬಂದ ಬಡ ಯುವಕನೂ ಅಪರಾಧಿಯಾಗುತ್ತಾನೆ. ದೊಡ್ಡ ಕಂಪನಿಗಳು ಪೇಟೆಂಟುಗಳನ್ನು ಗುಡ್ಡೆಹಾಕಿಕೊಂಡು ಸಣ್ಣವರನ್ನು ಬೆದರಿಸುತ್ತವೆ ಎಂದು ಅವರ ಆಕ್ಷೇಪಣೆ. 2015ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿಗಳನ್ನು ಇಂಥ ಆಕ್ಷೇಪಣೆಗಳ ಕಾರಣದಿಂದ ಅದೇ ಡಿಸೆಂಬರಿನಲ್ಲಿ ತಡೆಹಿಡಿಯಬೇಕಾಯಿತು. 2016ರಲ್ಲಿ ಬಿಗಿಯಾದವು ಬಂದವು. 2017ರಲ್ಲಿ ಅವೂ ಸಡಿಲವಾದವು. ಎಲ್ಲೆಯ ಕಲ್ಲನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತಿರುವಾಗ, ಒಳ್ಳೆಯ ವಕೀಲರ ಗುಣವೆಂದರೆ ತನ್ನ ಕಕ್ಷಿಗಾರನದಲ್ಲದ ನೆಲವನ್ನು ಕೇಳದಿರುವುದು. ಅತಿಯಾಗಿ ಕೇಳಿ ಪಡೆದ ಪೇಟೆಂಟು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಿಂತರೆ ಸಾರ್ವಜನಿಕರಿಗೆ ನಷ್ಟ.

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿರುವ ವಾಚಕರಿಗೆ ಇಲ್ಲಿ ಒಂದೆರಡು ಉಪಯುಕ್ತ ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಅರ್ಜಿಗೆ ಮುನ್ನ ಡಂಗುರ ಬೇಡ. ಅಂತರ್ಜಾಲದ ಗುಪ್ತಲಿಪಿಗೆ ಬಹುಕಾಲ ಆಧಾರವಾಗಿದ್ದ ‘ಆರ್.ಎಸ್.ಎ.’ ಎಂಬ ವಿಧಾನವು 1977ರಲ್ಲಿ ಮೊದಲು ಪತ್ರಿಕೆಯಲ್ಲಿ ಪ್ರಕಟವಾಗಿ, ಆಮೇಲೆ ಅರ್ಜಿ ಹೋಯಿತು. ಅಮೆರಿಕದಲ್ಲಿ ಪ್ರಕಟಣೆಯ ಬಳಿಕ ಒಂದು ವರ್ಷದ ವಿನಾಯಿತಿ ಇದ್ದುದರಿಂದ ಅಲ್ಲಿ 1983ರಲ್ಲಿ ಪೇಟೆಂಟ್ ಸಿಕ್ಕಿತು. ಉಳಿದ ದೇಶಗಳಲ್ಲಿ ಬಾಗಿಲು ಮುಚ್ಚಿಹೋಗಿತ್ತು. ನಮ್ಮಲ್ಲಿಯೂ, ವಿದ್ವತ್ಸಂಸ್ಥೆಯ ಮುಂದೆ ಓದಿದ ಪ್ರಬಂಧದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಮೊದಲು ಹೊರಗೆಡಹಿದವನು ಹಕ್ಕನ್ನು ಕಳೆದುಕೊಳ್ಳುತ್ತಾನೆ. ಎರಡನೆಯದು, ಭಾರತದಲ್ಲಿ ವಾಸಿಸುವವರು ತಮ್ಮ ಆವಿಷ್ಕಾರಕ್ಕೆ ನೇರವಾಗಿ ವಿದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಇಲ್ಲಿ ಮೊದಲು ಹಾಕಿ ಆರು ವಾರ ಕಾಯಬೇಕು, ಇಲ್ಲವೆ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು. ತಪ್ಪಿದರೆ ಶಿಕ್ಷೆಯುಂಟು. ಮೂರನೆಯದು, ಅರ್ಜಿಯ ಮೊದಲ ಶುಲ್ಕ ಹೆದರುವಷ್ಟೇನಲ್ಲ: ಅಂತರ್ಜಾಲದ ಮೂಲಕ ವ್ಯಕ್ತಿಗಳಿಗೂ ವಿದ್ಯಾಸಂಸ್ಥೆಗಳಿಗೂ 1,600 ರೂಪಾಯಿ, ದೊಡ್ಡ ಕಂಪನಿಗಳಿಗೆ 8,000. ಮುಂದಿನ ಶುಲ್ಕಗಳೂ ವಕೀಲರ ಸಂಭಾವನೆಯೂ ಬೇರೆ.

ಈಗ ಮನಸ್ಸಿಗೆ ನಾಟುವ ಸಂಗತಿ. ನಮ್ಮ ಪೇಟೆಂಟ್ ನಿಯಮಗಳ ಪ್ರಕಾರ ಅರ್ಜಿಯ ಕಾಗದಗಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರಬೇಕು. ಕನ್ನಡಕ್ಕೆ ಅಲ್ಲಿ ಸ್ಥಳವಿಲ್ಲ. ಕೃಷ್ಣರಾಜಪುರದ ಒಂದು ಸಣ್ಣ ವರ್ಕ್‌ಷಾಪಿನಲ್ಲಿ, ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಶಿಷ್ಯನಿಗೆ ಹೇಳಿಕೊಟ್ಟು, ಯಂತ್ರಕ್ಕೆ ಹೊಸ ನಿಯಂತ್ರಕವನ್ನು ಕೂಡಿಸಿದ ಮೇಸ್ತ್ರಿಯೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. ಅವನ ಆಲೋಚನೆಯ ಚಕ್ಕುಬಂದಿ ಅವನೇ ಓದಲಾರದ ಭಾಷೆಯಲ್ಲಿ ಬರೆಯಲ್ಪಡುತ್ತದೆ. ‘ಹಾಸು’, ‘ಅಂಟು’ಗಳ ನಡುವಿನ ಅಂತರದಲ್ಲಿ ದೊಡ್ಡ ಕಂಪನಿಯೇ ಎಡವಿತೆಂದ ಮೇಲೆ ಇವನ ಪಾಡೇನು? ಇಂಗ್ಲಿಷ್ ಬಲ್ಲ ಎಂಜಿನಿಯರಿಗೂ ಬೇರೊಂದು ಬಗೆಯ ನಷ್ಟವಿದೆ. ನೌಕರಿಗೆ ಸೇರುವ ದಿನ ಸಹಿ ಹಾಕಿದ ಕರಾರಿನಂತೆ ಅವಳ ಆವಿಷ್ಕಾರದ ಒಡೆತನ ಸಾಮಾನ್ಯವಾಗಿ ಕಂಪನಿಯದು. ಪತ್ರದಲ್ಲಿ ಅವಳಿಗೆ ಉಳಿಯುವುದು ಆವಿಷ್ಕಾರಕಳೆಂಬ ಹೆಸರು. ನೌಕರರು ಮಾಡಿದ ಆವಿಷ್ಕಾರಕ್ಕೆ ಪ್ರತಿಫಲವಿಷ್ಟೆಂದು ನಮ್ಮ ಪೇಟೆಂಟ್ ಕಾಯಿದೆ ಹೇಳುವುದಿಲ್ಲ. ಬೆಂಗಳೂರಿನ ಬುದ್ಧಿ ಲೋಕವನ್ನೆಲ್ಲ ಸುತ್ತುತ್ತಿದೆಯೆಂದು ನಾವು ಹೆಮ್ಮೆಪಡುವಾಗ, ಅದರ ಖಾತೆ ಯಾರ ಹೆಸರಿನಲ್ಲಿದೆಯೆಂದು ನೋಡುವುದೂ ಒಳ್ಳೆಯದು.

ನಿಯಮ ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ಒಂದೇ. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಹಿಂದಿನವರು “ಒಮ್ಮೆ ಓದಿ ಹೇಳಿ ಸ್ವಾಮಿ” ಎನ್ನುತ್ತಿದ್ದರು. ಆವಿಷ್ಕಾರ ಮಾಡಿದವರೂ ಹಾಗೆಯೇ ಹಟಹಿಡಿಯಬೇಕು. ಹಕ್ಕಿನ ವಾಕ್ಯವನ್ನು ಪದ ಪದವಾಗಿ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಬೇಕು. ಹೇಳಲಾರದ ವಕೀಲರಿಗೆ ಆವಿಷ್ಕಾರವೇ ಸರಿಯಾಗಿ ತಿಳಿದಿಲ್ಲವೆಂದು ತಿಳಿಯಬೇಕು. ಹೀಗೆ ಹೇಳುವ ಅಭ್ಯಾಸ ಬೆಳೆದರೆ ಕನ್ನಡಕ್ಕೆ ಬೇಕಾದ ಪದಗಳು ತಾವಾಗಿಯೇ ಹುಟ್ಟುತ್ತವೆ. ನೆಲದ ವ್ಯವಹಾರಕ್ಕೆ ಚಕ್ಕುಬಂದಿ, ಖಾತೆ, ಪಹಣಿ, ಪೋಡಿಗಳೆಂದು ಇಷ್ಟು ಖಚಿತವಾದ ಮಾತುಗಳನ್ನು ಬಳಕೆಗೆ ತಂದವರು ಪಂಡಿತರಲ್ಲ. ಆ ನೆಲ ತಮ್ಮದೆಂದು ಅರಿತು ಪತ್ರವನ್ನು ಓದಿಸಿ ಕೇಳಿದ ರೈತರು, ಬರೆದು ಕೊಟ್ಟ ಶಾನುಭೋಗರು. ಆಲೋಚನೆಯ ನೆಲದಲ್ಲಿಯೂ ಅಂಥ ರೈತರು ಈ ಊರಿನ ಮೂಡಣ ದಿಕ್ಕಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಶಾನುಭೋಗರೂ ಇದ್ದಾರೆ. ಇಬ್ಬರೂ ಕೂತು ಒಂದೇ ಭಾಷೆಯಲ್ಲಿ ಮಾತನಾಡಬೇಕಾದುದೊಂದು ಉಳಿದಿದೆ.